ಭಯ ಮೊದಲು ಹೋಗಲಿ, ಮಾತು ಆಮೇಲೆ ಬರಲಿ

ಮಕ್ಕಳ ಮನೆಯಲ್ಲಿ ಗೃಹಮಾತೆಯಾಗಿ ಕೆಲಸ ಮಾಡುತ್ತಾ ತುಂಬಾ ವರ್ಷಗಳಾದವು. ಹೊಡೆತ ತಿಂದು, ಹಸಿದು, ಹೆತ್ತವರಿಲ್ಲದೆ ಬಂದ ಮಗುವನ್ನು ಹೇಗೆ ನೋಡಿಕೊಳ್ಳೋದು ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ಅವರಿಗೆ ನಾನು ಒಬ್ಬ ಹುಡುಗಿಯ ಜೊತೆ ಹೇಗೆ ನಡೆದುಕೊಂಡೆ ಅನ್ನುವುದನ್ನೇ ಹೇಳುತ್ತೇನೆ. ಅವಳ ಗುರುತು ಸಿಗಬಾರದು ಅಂತ ಕೆಲವು ವಿವರ ಬಿಟ್ಟಿದ್ದೇನೆ.

ಅವಳಿಗೆ ಆಗ ಎಂಟು ವರ್ಷ ಇರಬಹುದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಸಂಬಂಧಿಕರ ಮನೆಯಲ್ಲಿದ್ದಳು. ಅಲ್ಲಿ ಏನಾಗಿತ್ತು ಅನ್ನುವುದು ಫೈಲಿನಲ್ಲಿ ಸ್ವಲ್ಪ ಇತ್ತು, ಅವಳ ಮೈಮೇಲೆ ಜಾಸ್ತಿ ಇತ್ತು. ಅವಳಾಗಿ ಬಾಯಿ ಬಿಡುವ ತನಕ ಆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬಾರದು ಅಂತ ತೀರ್ಮಾನಿಸಿದ್ದೆ. ಯಾರು ಹೊಡೆದರು, ಯಾಕೆ ಹೊಡೆದರು ಅಂತ ಬಂದ ದಿನವೇ ಕೇಳುವವರಿದ್ದಾರೆ. ಕನಿಕರದಿಂದಲೇ ಕೇಳುತ್ತಾರೆ, ನಿಜ. ಆದರೆ ಮಗುವಿಗೆ ಅದು ಮತ್ತೊಂದು ವಿಚಾರಣೆ.

ನಾನು ಮನೆ ತೋರಿಸಿದೆ. ಇದು ನಿನ್ನ ಮಂಚ, ಇದು ನಿನ್ನ ಕಪಾಟು, ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಬಚ್ಚಲಿಗೆ ಒಳಗಿನಿಂದ ಚಿಲಕ ಇದೆ. ಬಾಗಿಲು ತಟ್ಟದೆ ಇಲ್ಲಿ ಯಾರೂ ಒಳಗೆ ಬರುವುದಿಲ್ಲ. ರಾತ್ರಿ ಎಚ್ಚರವಾದರೆ ನಾನು ಎಲ್ಲಿ ಮಲಗಿರುತ್ತೇನೆ ಅಂತ ಕರೆದುಕೊಂಡು ಹೋಗಿ ತೋರಿಸಿದೆ. ಮಲಗಿದಲ್ಲಿಂದ ಬಾಗಿಲು ಕಾಣಬೇಕು ಅನ್ನುವುದು ಅವಳ ಆಸೆ. ಮಂಚ ತಿರುಗಿಸಿ ಗೋಡೆಗೆ ತಾಗಿಸಿ ಹಾಕಿಸಿದೆ. ದೀಪ ಆರಿಸಲಿಲ್ಲ.

ತಲೆ ಬಾಚುವುದೇ ಕಷ್ಟವಾಯಿತು. ಹಿಂದೆ ನಿಂತು ಬಾಚಣಿಗೆ ಎತ್ತಿದರೆ ಸಾಕು, ಅವಳ ಭುಜ ಕಿವಿವರೆಗೆ ಏರುತ್ತಿತ್ತು. ಉಸಿರೇ ನಿಂತ ಹಾಗೆ ಕೂತುಬಿಡುತ್ತಿದ್ದಳು. ಅದು ಹಟ ಅಲ್ಲ. ಪದೇ ಪದೇ ಪೆಟ್ಟು ತಿಂದ ಮೈ ಎತ್ತಿದ ಕೈ ಕಂಡ ತಕ್ಷಣ ತಾನಾಗಿಯೇ ಬಿಗಿಯುತ್ತದೆ, ಯೋಚನೆ ಆಮೇಲೆ ಬರುತ್ತದೆ. ಹಾಗಾಗಿ ನನ್ನ ಕೈ ಅವಳಿಗೆ ಕಾಣಲಿ ಅಂತ ಕನ್ನಡಿ ಮುಂದೆ ಕೂರಿಸಿದೆ. "ಈಗ ಬಲಗಡೆ ಬಾಚ್ತೀನಿ, ಆಗಬಹುದಾ?" ಅಂತ ಕೇಳಿ, ಅವಳು ತಲೆ ಆಡಿಸಿದ ಮೇಲೆಯೇ ಮುಟ್ಟುತ್ತಿದ್ದೆ. ಬೇಡ ಅಂದ ದಿನ ಬಾಚಣಿಗೆಯನ್ನು ಅವಳ ಕೈಗೇ ಕೊಡುತ್ತಿದ್ದೆ. ಸಿಕ್ಕು ಬಿಡಿಸದೆಯೇ ಸ್ಕೂಲಿಗೆ ಹೋದದ್ದೂ ಉಂಟು. ಹೋಗಲಿ ಬಿಡಿ, ಅವಳ "ಬೇಡ"ಕ್ಕೆ ಬೆಲೆ ಸಿಕ್ಕಿತಲ್ವಾ.

ದಿಂಬಿನ ಕವರಿನೊಳಗೆ ತಿಂಡಿ ಬಚ್ಚಿಡುತ್ತಿದ್ದಳು. ಕಳ್ಳತನ ಅಂತ ಒಬ್ಬರು ದೂರು ತಂದರು. ಹಸಿವಿನಲ್ಲಿ ಬೆಳೆದ ಮಕ್ಕಳಲ್ಲಿ ಇದು ಸಾಮಾನ್ಯ. ಬೈದರೆ ಬಚ್ಚಿಡುವ ಜಾಗ ಬದಲಾಗುತ್ತದೆ, ಅಷ್ಟೇ. ಮುಚ್ಚಳ ಇರುವ ಒಂದು ಡಬ್ಬಿ ಕೊಟ್ಟು, ಬಿಸ್ಕತ್ತು, ಹಣ್ಣು ಹಾಕಿಟ್ಟು, ಖಾಲಿಯಾದರೆ ಹೇಳು, ತುಂಬಿಸೋಣ ಅಂದೆ. ರಾತ್ರಿ ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದಳು, ತಿನ್ನುತ್ತಿರಲಿಲ್ಲ. ಇದೆ ಅಂತ ಗೊತ್ತಾದರೆ ಸಾಕಿತ್ತು. ಕೆಲವು ತಿಂಗಳ ನಂತರ ಬಿಸ್ಕತ್ತು ಮೆತ್ತಗಾಗಿ ಹಾಗೇ ಉಳಿಯತೊಡಗಿತು.

ಇದೆಲ್ಲ ಆಗಬೇಕಾದರೆ ದಿನಾ ಅದೇ ಮುಖ ಕಾಣಬೇಕು. ಮಗುವಿಗೆ ಬೆಚ್ಚಗಿನ, ನಡುವೆ ಕಡಿದುಹೋಗದ ಸಂಬಂಧ ಬೇಕು ಅಂತ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟದ್ದು 1951ರಲ್ಲಿ. ಈಗಲೂ ಎಷ್ಟೋ ಕಡೆ ವಾರಕ್ಕೊಮ್ಮೆ ಸಿಬ್ಬಂದಿ ಬದಲಾಗುತ್ತಾರೆ. ಪಾಳಿ ಹಾಕುವವರ ಜೊತೆ ನಾನು ಜಗಳ ಆಡಿದ್ದು ಇದಕ್ಕೇ. ರಜೆ ಹೋಗುವ ಮುಂಚೆ, ವಾಪಸ್ ಬರುವ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಅವಳ ಕೈಯಿಂದಲೇ ಗುರುತು ಹಾಕಿಸುತ್ತಿದ್ದೆ. ಆ ದಿನ ಬಂದೇ ಬರುತ್ತಿದ್ದೆ.

ಭಯ ಕಮ್ಮಿಯಾದಂತೆ ಸಿಟ್ಟು ಹೊರಗೆ ಬಂತು. ತಟ್ಟೆ ಎಸೆದಳು, ಚಿಕ್ಕ ಮಕ್ಕಳಿಗೆ ಹೊಡೆದಳು, ನನ್ನ ಕೈ ಕಚ್ಚಿದಳು. ಇಷ್ಟು ಒಳ್ಳೆಯವಳಿದ್ದಳು, ಯಾಕೆ ಹೀಗಾದಳು ಅಂತ ಎಲ್ಲರೂ ಕೇಳಿದರು. ನನಗೆ ಅದು ಒಳ್ಳೇ ಲಕ್ಷಣ ಅನ್ನಿಸಿತು. ಮೊದಲು ಇದ್ದದ್ದು ಒಳ್ಳೆಯತನ ಅಲ್ಲ, ಹೆದರಿಕೆ. ಇವರೂ ಹೊಡೆಯುತ್ತಾರಾ, ಹೊರಗೆ ಹಾಕುತ್ತಾರಾ ಅಂತ ಈಗ ಪರೀಕ್ಷೆ ಮಾಡುತ್ತಿದ್ದಳು. ಚಿಕ್ಕವರನ್ನು ಬೇರೆ ಕಡೆ ಕಳಿಸಿ, ನೆಲದ ಮೇಲೆ ಅವಳಿಂದ ಸ್ವಲ್ಪ ದೂರ ಕೂರುತ್ತಿದ್ದೆ. ಸಿಟ್ಟು ಇಳಿದ ಮೇಲೆ ಇಬ್ಬರೂ ಸೇರಿ ಚೂರು ಗುಡಿಸುತ್ತಿದ್ದೆವು. ಊಟ ತಪ್ಪಿಸುವ ಶಿಕ್ಷೆ, ಕತ್ತಲೆ ಕೋಣೆ, ಕಳಿಸಿಬಿಡ್ತೀವಿ ಅನ್ನುವ ಬೆದರಿಕೆ ಮಾತ್ರ ಯಾವತ್ತೂ ಕೂಡದು.

ಅವಳು ಹೇಳಿದ್ದು ಬಟ್ಟೆ ಮಡಚುವಾಗ. ಮುಖ ನೋಡದೆ, ಪಕ್ಕದಲ್ಲಿ ಕೂತು ಕೆಲಸ ಮಾಡುವಾಗ ಮಕ್ಕಳಿಗೆ ಮಾತು ಸುಲಭ. ನಾನು ಮಡಚುವುದನ್ನು ನಿಲ್ಲಿಸಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ" ಅಂದೆ. "ಅಕ್ಕಾ, ಯಾರಿಗೂ ಹೇಳಬೇಡಿ" ಅಂದಳು. ಆ ಮಾತು ಕೊಡುವ ಹಾಗಿರಲಿಲ್ಲ. ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ ಅಂದೆ. ಅವತ್ತೇ ತಾರೀಕು ಹಾಕಿ, ಅವಳ ಮಾತನ್ನು ಅವಳದೇ ಪದಗಳಲ್ಲಿ ಬರೆದಿಟ್ಟೆ. ಅವಳಿಗೆ ತಿಳಿಸಿ, ಮೇಲಿನವರಿಗೆ ಕೊಟ್ಟೆ. ಆಮೇಲೆ ಆಪ್ತಸಮಾಲೋಚಕರ ಹತ್ತಿರ ಹೋಗಲು ಅವಳೇ ಒಪ್ಪಿದಳು.

ಅವಳಲ್ಲಿ ಆಸೆ ಚಿಗುರಿದ್ದು ನನಗೆ ಗೊತ್ತಾಗಿದ್ದು ಶೂ ತರುವಾಗ. ಒಂದು ಅಳತೆ ದೊಡ್ಡದೇ ಬೇಕು ಅಂದಳು. "ಮುಂದಿನ ವರ್ಷಕ್ಕೂ ಆಗಬೇಕಲ್ವಾ ಅಕ್ಕಾ." ಅಲ್ಲಿಯ ತನಕ ಅವಳ ಬಾಯಲ್ಲಿ ನಾಳೆ ಅನ್ನುವುದನ್ನೂ ನಾನು ಕೇಳಿರಲಿಲ್ಲ.

ಮಕ್ಕಳ ಮನೆ ಕುಟುಂಬಕ್ಕೆ ಸಮ ಅಂತ ನಾನು ಹೇಳುವುದಿಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ನಡೆದ ಹೆಸರಾಂತ ಅಧ್ಯಯನದಲ್ಲಿ, ಅನಾಥಾಲಯದಿಂದ ಸಾಕು ಕುಟುಂಬಕ್ಕೆ ಹೋದ ಪುಟ್ಟ ಮಕ್ಕಳು ಅಲ್ಲೇ ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಒಳ್ಳೆಯ ಕುಟುಂಬ ಸಿಕ್ಕರೆ ನಾನೇ ಮುಂದೆ ನಿಂತು ಕಳಿಸುತ್ತೇನೆ. ಆದರೆ ಮನೆಯೊಳಗೇ ಪೆಟ್ಟು ತಿಂದ ಇವಳಿಗೆ ಇನ್ನೊಂದು ಮನೆ ಅಂದರೇ ನಡುಕ. ಸುಧಾರಿಸಿಕೊಳ್ಳಲು ಅವಳಿಗೆ ಮೊದಲು ಒಂದು ಜಾಗ ಬೇಕಿತ್ತು.

ಒಂದು ವಿಷಯದಲ್ಲಿ ನಾನು ಈಗಲೂ ಕಟ್ಟುನಿಟ್ಟು. ದಾನ ಕೊಡಲು ಬಂದವರು "ಇವಳದ್ದು ಏನು ಕಥೆ?" ಅಂತ ಅವಳ ಎದುರಿಗೇ ಕೇಳುತ್ತಾರೆ. ನಾನು ಹೇಳುವುದಿಲ್ಲ, ಫೋಟೋ ತೆಗೆಯಲೂ ಬಿಡುವುದಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನವನ್ನು ಕಾಪಾಡಬೇಕು ಅನ್ನುತ್ತದೆ. ಅವಳನ್ನು ಆಡಲು ಕಳಿಸಿ, ಬಂದವರಿಗೆ ಬೇಕಾದವುಗಳ ಪಟ್ಟಿ ಕೊಡುತ್ತೇನೆ. ಹೊಸ ಹಾಸಿಗೆ, ಆಪ್ತಸಮಾಲೋಚಕರ ಸಂಬಳ, ರಾತ್ರಿ ಪಾಳಿಗೆ ಇನ್ನೊಬ್ಬರು.