ಪ್ಲಾಸ್ಟಿಕ್ ಫಿನ್ ಬಿಟ್ಟು ಫೈಬರ್‌ಗ್ಲಾಸ್‌ಗೆ: ಮೊದಲು ಪಾದ ನೋಡಿ, ಆಮೇಲೆ ಬ್ಲೇಡ್

ವಾಸ್ಕೊ, ಮಡಗಾಂವ್ ಕಡೆ ಫ್ರೀಡೈವಿಂಗ್ (ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಮುಳುಗುವುದು) ಕಲಿಯುವ ನಮ್ಮ ಕನ್ನಡದ ಹುಡುಗರು ಮೊದಲು ಕೇಳುವುದು ಒಂದೇ: ಕಾರ್ಬನ್ ಫಿನ್ ತಗೊಳ್ಳಲಾ? ಫಿನ್ ಅಂದರೆ ಈಜಲು ಪಾದಕ್ಕೆ ಹಾಕುವ ರೆಕ್ಕೆ, ಅದರ ಉದ್ದನೆಯ ಹಲಗೆಯೇ ಬ್ಲೇಡ್. ಗೋವಾದ ನೀರಿಗೆ ಫೈಬರ್‌ಗ್ಲಾಸೇ ಸರಿ ಅನ್ನುತ್ತೇನೆ. ವಾಸ್ಕೊ ಹತ್ತಿರದ ಗ್ರ್ಯಾಂಡ್ ಐಲ್ಯಾಂಡ್ ದ್ವೀಪದ ಸುತ್ತ ಆಳ ಕಡಿಮೆ, ಬಂಡೆ ಜಾಸ್ತಿ, ಎಷ್ಟೋ ದಿನ ನೀರು ಕದಡಿರುತ್ತದೆ. ಬಂಡೆಗೆ ಜೋರಾಗಿ ತಾಗಿದರೆ ಕಾರ್ಬನ್ ಬಿರುಕು ಬಿಡಬಹುದು. ಫೈಬರ್‌ಗ್ಲಾಸ್ ಅಂಥ ಪೆಟ್ಟನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಕಡಿಮೆ.

ಪ್ಲಾಸ್ಟಿಕ್ ಬಾಗಿದ ಮೇಲೆ ನಿಧಾನವಾಗಿ ನೆಟ್ಟಗಾಗುತ್ತದೆ. ಕಾಲು ಹಾಕಿದ ಶಕ್ತಿ ಒಂದಿಷ್ಟು ಅಲ್ಲೇ ಸೋರಿಹೋಗುತ್ತದೆ. ಒಳ್ಳೆಯ ಫೈಬರ್‌ಗ್ಲಾಸ್ ಬ್ಲೇಡಿನಲ್ಲಿ ಪಾದದ ಹತ್ತಿರ ಪದರ ಜಾಸ್ತಿ, ತುದಿಗೆ ಕಡಿಮೆ. ಹಾಗಾಗಿ ಅದು ಉದ್ದಕ್ಕೂ ಬಾಗಿ ಚಟ್ಟನೆ ವಾಪಸ್ ಬರುತ್ತದೆ.

ಶುರು ಮಾಡಬೇಕಾದ್ದು ಫುಟ್ ಪಾಕೆಟ್‌ನಿಂದ, ಅಂದರೆ ಪಾದ ತೂರಿಸುವ ರಬ್ಬರ್ ಭಾಗದಿಂದ. ನೀರಿಗಿಳಿಯುವಾಗ ಹಾಕುವ ನಿಯೋಪ್ರೀನ್ ಸಾಕ್ಸ್ ಸಮೇತ ಹಾಕಿ ನೋಡಿ. ಹಿಮ್ಮಡಿ ಮೇಲೇಳುತ್ತಿದೆಯಾ? ಸೈಜ್ ದೊಡ್ಡದು. ಬೆರಳು ಮಡಚಿಕೊಂಡಿವೆಯಾ? ಅರ್ಧ ಗಂಟೆಯಲ್ಲೇ ಕಾಲು ಹಿಡಿದುಕೊಳ್ಳಬಹುದು. ಪಾದ ಒಳಗೆ ಅಲುಗಾಡುತ್ತಿದ್ದರೆ ಎಷ್ಟೇ ದುಬಾರಿ ಬ್ಲೇಡ್ ಹಾಕಿದರೂ ಲಾಭವಿಲ್ಲ.

ಇನ್ನು ಬ್ಲೇಡಿನ ಗಟ್ಟಿತನ. ಹೆಚ್ಚಿನವರಿಗೆ ಸಾಫ್ಟ್ ಅಥವಾ ಮೀಡಿಯಂ ಸಾಕು. ಹಾರ್ಡ್ ಬ್ಲೇಡ್ ತೊಡೆಯನ್ನು ಬೇಗ ದಣಿಸುತ್ತದೆ, ಆಕ್ಸಿಜನ್ ಜಾಸ್ತಿ ತಿನ್ನುತ್ತದೆ. ಈಟಿ ಮೀನುಗಾರಿಕೆಯವರು ಗಂಟೆಗಟ್ಟಲೆ ಮೇಲ್ಮೈಯಲ್ಲಿ ಈಜುತ್ತಾರೆ, ಅವರಂತೂ ಇದನ್ನು ಮರೆಯಬಾರದು.

ಹಳೆಯ ಫಿನ್‌ನ ಬ್ಲೇಡ್ ಬಿಚ್ಚಲು ಬರುತ್ತಾ? ಹಾಗಿದ್ದರೆ ಬ್ಲೇಡ್ ಮಾತ್ರ ಕೊಳ್ಳಿ. ಅದರ ಬುಡದ ಆಕಾರ ನಿಮ್ಮ ಪಾಕೆಟ್‌ಗೆ ಹೊಂದುತ್ತದೆ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಸಮುದ್ರ ಇಳಿಯಲು ಬಿಡದ ಮಳೆಗಾಲ ಜೋಡಣೆಗೆ ಒಳ್ಳೆಯ ಸಮಯ. ಸ್ಕ್ರೂ ತೆಗೆಯಿರಿ. ರಬ್ಬರ್ ಬಿಗಿಯಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ. ಅಂಟು ಹಾಕದೆ ಒಮ್ಮೆ ಜೋಡಿಸಿ, ಎರಡೂ ಬ್ಲೇಡ್ ಸಮವಾಗಿ ಕೂತಿವೆಯಾ ನೋಡಿ. ಬುಡವನ್ನು ಸ್ಯಾಂಡ್‌ಪೇಪರ್‌ನಿಂದ ಒರಟು ಮಾಡುವಾಗ ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ನಾರಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಪೂರ್ತಿ ಒಣಗಿದ ಮೇಲೆ ಪಾಲಿಯುರೆಥೇನ್ ಅಂಟು ಹಚ್ಚಿ. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಬಗೆ ಸಿಗುತ್ತದೆ, ಗೋವಾದ ಮಳೆಗಾಲಕ್ಕೆ ಅದು ಹೇಳಿ ಮಾಡಿಸಿದ್ದು. ಸೂಪರ್ ಗ್ಲೂ ಬೇಡ, ಬಾಗಿದಾಗ ಒಡೆಯುತ್ತದೆ. ಸ್ಕ್ರೂ ಅತಿಯಾಗಿ ಬಿಗಿಯಬೇಡಿ, ತೂತಿನ ಸುತ್ತ ಸೀಳು ಬರುತ್ತದೆ.

ಮೊದಲು ಈಜುಕೊಳದಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಅಭ್ಯಾಸ ಮಾಡಿ. ಸೊಂಟದಿಂದ ಒದೆಯಿರಿ, ಸೈಕಲ್ ತುಳಿದ ಹಾಗೆ ಮಂಡಿ ಮಡಚಬೇಡಿ. ಸೊಂಟಕ್ಕೆ ಕಟ್ಟುವ ತೂಕವನ್ನೂ ಮತ್ತೆ ಸರಿ ನೋಡಿಕೊಳ್ಳಿ.

ಸಮುದ್ರದಲ್ಲಿ ಸೊಂಟಮಟ್ಟದ ನೀರಿಗೆ ಹೋದ ಮೇಲೆ ಫಿನ್ ಹಾಕಿ. ದೋಣಿಯಲ್ಲಿ ಯಾರೂ ತುಳಿಯದ ಕಡೆ ಇಡಿ. ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆಯಿರಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ.

ಹೊಸ ಫಿನ್‌ನಲ್ಲಿ ಇಳಿಯುವುದು ಸುಲಭ ಅನ್ನಿಸುತ್ತದೆ. ನಿಜವಾದ ಅಪಾಯ ಇರುವುದು ಅಲ್ಲೇ. ಗೊತ್ತಾಗದೆ ಇನ್ನಷ್ಟು ಆಳಕ್ಕೆ, ಇನ್ನಷ್ಟು ಹೊತ್ತು ಹೋಗಿಬಿಡುತ್ತೀರಿ, ಮೇಲೆ ಬರುವಾಗ ಪ್ರಜ್ಞೆ ತಪ್ಪಬಹುದು. ಮೊದಮೊದಲು ಹಳೆಯ ಆಳವನ್ನು ದಾಟಬೇಡಿ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲೆ ಕಾಯಲೇಬೇಕು, ಅವರು ಮೇಲೆ ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬಾರದು. ನೀರಡಿ ಇದ್ದಷ್ಟರ ಕನಿಷ್ಠ ಎರಡರಷ್ಟು ಹೊತ್ತು ಮೇಲೆ ಉಸಿರಾಡಿಯೇ ಮತ್ತೆ ಇಳಿಯಿರಿ.