ತಳ ಮುಟ್ಟಿದ ಮೇಲೆ ಸಿಕ್ಕ ಟ್ರೌಟ್: ಭಾರದ ಸ್ಟೋನ್‌ಫ್ಲೈ ನಿಂಫ್ ಜೊತೆ ನನ್ನ ಅನುಭವ

ಮೊದಲ ವರ್ಷ ನನ್ನ ಡಬ್ಬಿ ತುಂಬ ಚೆಂದದ ಫ್ಲೈಗಳಿದ್ದವು, ಅಂದರೆ ಟ್ರೌಟ್ ಮೀನು ಹಿಡಿಯಲು ಹುಕ್ಕಿನ ಮೇಲೆ ಹುಳದ ಹಾಗೆ ಕಟ್ಟುವ ನಕಲಿ ಆಮಿಷಗಳು. ಸ್ಟೋನ್‌ಫ್ಲೈ ನಿಂಫ್ ಅಂದರೆ ಹೊಳೆಯ ತಳದ ಕಲ್ಲುಗಳ ನಡುವೆ ಬೆಳೆಯುವ, ಇನ್ನೂ ರೆಕ್ಕೆ ಬರದ ಹುಳ. ಅದಕ್ಕೆ ಆರು ಕಾಲು, ಎರಡು ಬಾಲ, ಎರಡು ಮೀಸೆ, ಬೆನ್ನ ಮೇಲೆ ರೆಕ್ಕೆಯ ಮೊಗ್ಗು. ನಾನು ಕಟ್ಟಿದ ಫ್ಲೈನಲ್ಲಿ ಇದೆಲ್ಲವೂ ಇತ್ತು. ಒಂದು ಕಟ್ಟಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆ ವಸಂತ ಪೂರ್ತಿ ಒಂದೇ ಹೊಳೆಯಲ್ಲಿ ನಿಂತು ಎಸೆದೆ. ಸಿಕ್ಕಿದ್ದು ಮೂರು ಟ್ರೌಟ್. ಮೂರೂ ದಡದ ಪಕ್ಕದ ಮೊಣಕಾಲುದ್ದ ನೀರಿನಲ್ಲೇ ಸಿಕ್ಕವು. ಯಾಕೆ ಅಂತ ಆಗ ಯೋಚಿಸಲಿಲ್ಲ. ಫ್ಲೈ ನಿಜವಾದ ಹುಳದ ಹಾಗೆ ಕಾಣುತ್ತಿಲ್ಲವೇನೋ ಅಂದುಕೊಂಡು ಇನ್ನೂ ನಾಜೂಕಾಗಿ ಕಟ್ಟಲು ಕೂತೆ.

ಒಂದು ಮಧ್ಯಾಹ್ನ ಬೇಸತ್ತು ರಾಡನ್ನು ದಡದಲ್ಲಿಟ್ಟು, ನೀರು ಕಲ್ಲುಗಳ ಮೇಲೆ ನೊರೆಯೆಬ್ಬಿಸಿ ಹರಿಯುವ ಕಡೆ ಇಳಿದೆ. ಎರಡು ಕೈಗೆ ಸಿಗುವಷ್ಟು ದೊಡ್ಡ ಕಲ್ಲೊಂದನ್ನು ಮಗುಚಿದೆ. ಅಡಿಯಲ್ಲಿ ಕಿರುಬೆರಳಿನಷ್ಟು ಉದ್ದದ ಕಪ್ಪು ನಿಂಫ್ ಅಂಟಿಕೊಂಡಿತ್ತು. ಅಂಗೈಗೆ ತೆಗೆದುಕೊಂಡು ನೋಡಿದೆ. ಕಾಲುಗಳ ಬುಡದಲ್ಲಿ ಕುಚ್ಚು ಕುಚ್ಚಾದ ಕಿವಿರು. ತಣ್ಣಗಿನ, ಆಮ್ಲಜನಕ ಜಾಸ್ತಿ ಇರುವ, ರಭಸದ ನೀರೇ ಬೇಕು ಇದಕ್ಕೆ. ಮೆಲ್ಲಗೆ ನೀರಿಗೆ ಬಿಟ್ಟೆ. ಈಜಲಿಲ್ಲ. ಮೈ ಮಡಚಿಕೊಂಡು ಕೆಳಕ್ಕಿಳಿಯಿತು. ತಳದಲ್ಲಿ ಒಂದೆರಡು ಸಲ ಉರುಳಿತು. ಕೊನೆಗೆ ಸಿಕ್ಕ ಕಲ್ಲನ್ನು ಗಬಕ್ಕನೆ ಹಿಡಿದುಕೊಂಡಿತು.

ಇದು ತೆವಳುವ ಹುಳ. ಕಲ್ಲಿನ ಹಿಡಿತ ತಪ್ಪಿದರೆ ತಳದಲ್ಲೇ ಉರುಳಿಕೊಂಡು ಹೋಗುತ್ತದೆ. ಟ್ರೌಟ್ ಬಾಯಿಗೆ ಸಿಗುವುದೂ ಅಲ್ಲೇ. ಹಾಗಾದರೆ ನನ್ನ ಫ್ಲೈ ಇಷ್ಟು ದಿನ ಎಲ್ಲಿ ಹೋಗುತ್ತಿತ್ತು?

ನೋಡಿಯೇ ಬಿಡೋಣ ಅಂತ ತಿಳಿನೀರಿನ, ಸೊಂಟದಾಳದ ಒಂದು ಜಾಗ ಹುಡುಕಿದೆ. ಕಣ್ಣಿಗೆ ಕಾಣಲಿ ಅಂತ ಫ್ಲೈಗೆ ಗುಲಾಬಿ ಬಣ್ಣದ ಉಣ್ಣೆ ಸುತ್ತಿದೆ. ಪಕ್ಕದ ಬಂಡೆಯ ಮೇಲೆ ನಿಂತು ಹೊಳೆಯ ಮೇಲ್ಗಡೆಗೆ ಎಸೆದೆ. ನನ್ನೆದುರು ಹಾದುಹೋಗುವಾಗ ಅದು ಒಂದು ಗೇಣು ಇಳಿದಿತ್ತು, ಅಷ್ಟೆ. ಕೆಳಗೆ ಇನ್ನೂ ಮೂರು ಗೇಣು ನೀರಿತ್ತು. ಹತ್ತು ಸಲ ಎಸೆದರೂ ಅದೇ ಕಥೆ. ಮೇಲಿನ ನೀರು ಬೇಗ ಓಡುತ್ತದೆ, ತಳದ ನೀರು ಕಲ್ಲಿಗೆ ಉಜ್ಜಿಕೊಂಡು ನಿಧಾನವಾಗಿ ಹೋಗುತ್ತದೆ. ಮೇಲೆ ಬಿದ್ದ ಲೈನ್, ಅಂದರೆ ರಾಡಿನ ದಾರ, ಫ್ಲೈಯನ್ನು ತನ್ನ ವೇಗಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ಮಾತ್ರ ಯಾಕೆ ಮೀನು ಸಿಕ್ಕಿತು ಅಂತ ಆಗ ಅರ್ಥವಾಯಿತು. ಅಲ್ಲಿ ಮಾತ್ರ ಫ್ಲೈ ತಳಕ್ಕೆ ಹೋಗುತ್ತಿತ್ತು.

ಆ ರಾತ್ರಿಯೇ ಭಾರ ಹಾಕಿ ಕಟ್ಟಲು ಶುರು ಮಾಡಿದೆ. ಉದ್ದ ಕಾಲಿನ 6ನೇ ನಂಬರ್ ಹುಕ್ಕು. 0.030 ಇಂಚು ದಪ್ಪದ ಸೀಸದ ತಂತಿಯ ಎರಡು ತುಂಡು. ಒಂದನ್ನು ಹುಕ್ಕಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟು ದಾರದಿಂದ ಬಿಗಿಯಾಗಿ ಸುತ್ತುತ್ತೇನೆ. ಒಂದು ಹನಿ ಅಂಟು. ಹೀಗೆ ಮಾಡಿದರೆ ಮೈ ಚಪ್ಪಟೆಯಾಗುತ್ತದೆ, ನಿಜವಾದ ನಿಂಫ್‌ನ ಹಾಗೆ. ಆಮೇಲೆ ಎದೆಯ ಭಾಗಕ್ಕೆ ಅದೇ ತಂತಿಯನ್ನು ಏಳೆಂಟು ಸುತ್ತು. ಹುಕ್ಕಿನ ಕಣ್ಣಿನ ಹತ್ತಿರ ಸ್ವಲ್ಪ ಜಾಗ ಬಿಡಲೇಬೇಕು. ಇಲ್ಲದಿದ್ದರೆ ತಲೆ ಕಟ್ಟುವಾಗ ದಾರ ಜಾರಿ ಎಲ್ಲ ಬಿಚ್ಚಿಹೋಗುತ್ತದೆ. ಮೇಲೆ ಕಪ್ಪು-ಕಂದು ಕಲೆಸಿದ ಶೆನಿಲ್ ಅನ್ನುವ ಜುಂಗು ದಾರ, ರಬ್ಬರ್ ಕಾಲುಗಳು, ಎರಡು ಬಾಲ. ಮುಗಿಯಿತು. ಹತ್ತು ನಿಮಿಷ ಸಾಕು. ಮುಕ್ಕಾಲು ಗಂಟೆಯ ಹಳೆಯ ಫ್ಲೈಗಳನ್ನು ಈಗ ಡಬ್ಬಿಗೇ ಹಾಕುವುದಿಲ್ಲ. ತಳದ ಬಂಡೆಗೆ ಸಿಕ್ಕಿ ಕಿತ್ತುಹೋಗಬಹುದಾದ ಫ್ಲೈ ಮೇಲೆ ಅಷ್ಟು ಹೊತ್ತು ಕಳೆದರೆ, ಅದನ್ನು ತಳಕ್ಕೆ ಬಿಡಲು ಮನಸ್ಸೇ ಬರುವುದಿಲ್ಲ.

ಮೈ ಚಪ್ಪಟೆ ಇರಬೇಕೋ ದುಂಡಗಿರಬೇಕೋ ಅನ್ನುವುದು ಹಳೆಯ ಚರ್ಚೆ. ಅಮೆರಿಕದ ಮೊಂಟಾನಾದಲ್ಲಿ ಮೀನು ಹಿಡಿಯುತ್ತಿದ್ದ ಚಾರ್ಲ್ಸ್ ಬ್ರೂಕ್ಸ್ ತಮ್ಮ ಸ್ಟೋನ್‌ಫ್ಲೈಗಳನ್ನು ಬೆನ್ನು-ಹೊಟ್ಟೆ ಅಂತ ಬೇರೆ ಮಾಡದೆ ದುಂಡಗೆ ಕಟ್ಟುತ್ತಿದ್ದರು. ನೀರಿನಲ್ಲಿ ಫ್ಲೈ ಹೇಗೆ ಹೊರಳಿದರೂ ಮೀನಿಗೆ ಒಂದೇ ಥರ ಕಾಣಬೇಕು ಅನ್ನುವುದು ಅವರ ವಾದ. ರಬ್ಬರ್ ಕಾಲು, ಶೆನಿಲ್ ಹಾಕಲು ಶುರು ಮಾಡಿದ ಮೇಲೆ ಅವರ ಮಾತು ನನಗೂ ಸರಿ ಅನಿಸಿದೆ. ಚಪ್ಪಟೆ ಮೈ ಇಟ್ಟುಕೊಂಡಿದ್ದೇನೆ, ಆದರೆ ಮೇಲೆ ಕೆಳಗೆ ಬಣ್ಣ ಒಂದೇ.

ಸೀಸದ ಬಗ್ಗೆ ಒಂದು ಮಾತು. ಅದು ವಿಷ. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು, ಹಲ್ಲಿನಿಂದ ಕತ್ತರಿಸಲೇಬಾರದು. ನೀರಿನಲ್ಲಿ ಉಳಿದರೆ ಹಕ್ಕಿಗಳಿಗೂ ಅಪಾಯ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಂಥ ಕಡೆ ಸೀಸದ ಸಾಮಾನಿಗೆ ನಿಷೇಧವೇ ಇದೆ. ನಾನು ಈಗ ಹೆಚ್ಚಾಗಿ ಸೀಸವಿಲ್ಲದ ತಂತಿ, ಜೊತೆಗೆ ತಲೆಗೆ ಟಂಗ್‌ಸ್ಟನ್ ಮಣಿ ಹಾಕುತ್ತೇನೆ. ಸೀಸ ಅಷ್ಟೇ ಗಾತ್ರದ ನೀರಿಗಿಂತ 11 ಪಟ್ಟು ಭಾರ, ಟಂಗ್‌ಸ್ಟನ್ 19 ಪಟ್ಟು. ಹಾಗಾಗಿ ಸಣ್ಣ ಮಣಿಯೂ ಬೇಗ ಮುಳುಗುತ್ತದೆ.

ಭಾರ ಹಾಕಿದ ಮೊದಲ ದಿನ ಒಂದೇ ಬೆಳಗ್ಗೆ ಒಂಬತ್ತು ಫ್ಲೈ ಕಳೆದುಕೊಂಡೆ. ಎಲ್ಲದಕ್ಕೂ ಒಂದೇ ಭಾರ ಹಾಕಿದ್ದೆ, ಅದೂ ವಿಪರೀತ. ತೆಳುನೀರಿನಲ್ಲಿ ಅವು ಗುಂಡುಕಲ್ಲಿನ ಹಾಗೆ ಬಿದ್ದು ಕೂರುತ್ತಿದ್ದವು. ತಳದಲ್ಲಿ ನಿಂತುಬಿಟ್ಟ ಫ್ಲೈಯೂ ಸುಳ್ಳೇ, ಅಲ್ವಾ? ಹುಳ ಉರುಳುತ್ತಾ ಹೋಗಬೇಕು. ಈಗ ಒಂದೇ ಮಾದರಿಯನ್ನು ಮೂರು ಭಾರದಲ್ಲಿ ಕಟ್ಟುತ್ತೇನೆ. ಗುರುತಿಗೆ ತಲೆಯ ದಾರದ ಬಣ್ಣ ಬೇರೆ: ಕಪ್ಪು ಅಂದರೆ ಹಗುರ, ಕಿತ್ತಳೆ ಅಂದರೆ ಮಧ್ಯಮ, ಕೆಂಪು ಅಂದರೆ ಭಾರ. ಹೊಸ ಜಾಗಕ್ಕೆ ಹೋದರೆ ಕಿತ್ತಳೆಯಿಂದ ಶುರು. ಹತ್ತು ಸಲ ಹರಿಯಲು ಬಿಟ್ಟರೆ ಎರಡು ಮೂರು ಸಲ ತಳಕ್ಕೆ ತಟ್ಟಬೇಕು. ಒಂದೂ ತಟ್ಟದಿದ್ದರೆ ಕೆಂಪು. ಪ್ರತಿ ಸಲ ಸಿಕ್ಕಿಹಾಕಿಕೊಂಡರೆ ಕಪ್ಪು. ಮೀನು ಬರದಿದ್ದರೆ ಮಾದರಿ ಬದಲಿಸುವ ಮೊದಲು ಭಾರ ಬದಲಿಸುತ್ತೇನೆ. ಇದೊಂದು ಅಭ್ಯಾಸ ನನಗೆ ಕೊಟ್ಟಷ್ಟು ಮೀನನ್ನು ಬೇರೆ ಯಾವುದೂ ಕೊಟ್ಟಿಲ್ಲ.

ಭಾರವೊಂದೇ ಸಾಲದು. ದಪ್ಪ ದಾರ ನೀರನ್ನು ತಡೆದು ಫ್ಲೈಯನ್ನು ಮೇಲೆಯೇ ಹಿಡಿದಿಡುತ್ತದೆ. ಲೈನಿನ ತುದಿಗೆ ಕಟ್ಟುವ ತೆಳು ದಾರ ಲೀಡರ್. ಅದರ ತುದಿಗೆ ಐದಡಿಯಷ್ಟು 3ಎಕ್ಸ್ ಫ್ಲೋರೋಕಾರ್ಬನ್ ಟಿಪ್ಪೆಟ್, ಅಂದರೆ ಇನ್ನೂ ತೆಳುವಾದ ದಾರ, ಕಟ್ಟುತ್ತೇನೆ. 3ಎಕ್ಸ್ ಅಂದರೆ ದಪ್ಪ ಸುಮಾರು 0.20 ಮಿಲಿಮೀಟರ್. ನೈಲಾನ್‌ಗಿಂತ ಇದು ಭಾರ, ಬೇಗ ಮುಳುಗುತ್ತದೆ. ಫ್ಲೈಗೆ ಬಿಗಿಗಂಟು ಹಾಕದೆ ಚಿಕ್ಕ ಕುಣಿಕೆ ಬಿಡುತ್ತೇನೆ. ಆಗ ಫ್ಲೈ ಸಲೀಸಾಗಿ ಹೊರಳಾಡುತ್ತದೆ.

ಎಸೆಯುವುದು ಹತ್ತಿರಕ್ಕೇ. ರಾಡಿನ ಎರಡು ಉದ್ದಕ್ಕಿಂತ ದೂರ ಹೋಗುವುದು ಕಡಿಮೆ. ಭಾರದ ಫ್ಲೈಯನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಬಾರದು. ಒಮ್ಮೆ ನನ್ನ ಕಿವಿಯ ಹಿಂದೆ ಹುಕ್ಕು ಕಚ್ಚಿ ರಕ್ತ ಬಂದಿದೆ. ಕನ್ನಡಕ, ಟೋಪಿ ಇಲ್ಲದೆ ಇದನ್ನು ಮಾಡಲೇಬೇಡಿ. ನಾನು ಲೈನನ್ನು ಕೆಳಗಡೆ ಸೆಳವಿನಲ್ಲಿ ಬಿಗಿಯಾಗಲು ಬಿಡುತ್ತೇನೆ. ನೀರೇ ರಾಡನ್ನು ಬಗ್ಗಿಸುತ್ತದೆ. ಆಗ ಒಂದೇ ಸಲಕ್ಕೆ ಎತ್ತಿ, ತಲೆಯ ಮೇಲಿಂದ ದೊಡ್ಡ ಕಮಾನಿನ ಹಾಗೆ ಮೇಲ್ಗಡೆಗೆ ಎಸೆಯುತ್ತೇನೆ. ಕೊನೆಯಲ್ಲಿ ರಾಡನ್ನು ಎತ್ತರದಲ್ಲೇ ತಟ್ಟನೆ ನಿಲ್ಲಿಸಬೇಕು. ಆಗ ಫ್ಲೈ ಮೊದಲು ನೀರಿಗೆ ಬೀಳುತ್ತದೆ, ದಾರ ಆಮೇಲೆ. ಆ ಒಂದು ಕ್ಷಣದ ಸಡಿಲದಲ್ಲಿ ಅದು ಮೊಳದುದ್ದ ಇಳಿದುಬಿಡುತ್ತದೆ.

ಆಮೇಲೆ ರಾಡಿನ ತುದಿ ಎತ್ತಿ, ಸಾಧ್ಯವಾದಷ್ಟು ದಾರವನ್ನು ನೀರಿನಿಂದ ಮೇಲೆ ಹಿಡಿಯಬೇಕು. ಫ್ಲೈ ನನ್ನ ಕಡೆ ಬಂದ ಹಾಗೆ ತುದಿ ಏರುತ್ತದೆ, ದಾಟಿ ಹೋದ ಹಾಗೆ ಇಳಿಯುತ್ತದೆ. ಎಳೆಯಬಾರದು, ಜೋತುಬೀಳಲೂ ಬಿಡಬಾರದು. ಇದನ್ನು ಬರೆಯುವುದು ಸುಲಭ. ಕೈಗೆ ಬರಲು ನನಗೆ ಒಂದು ಇಡೀ ಋತು ಬೇಕಾಯಿತು.

ಟ್ರೌಟ್ ಕಚ್ಚಿದಾಗ ಜಗ್ಗುತ್ತದೆ ಅಂದುಕೊಂಡಿದ್ದೆ. ಎಷ್ಟೋ ಸಲ ಜಗ್ಗುವುದೇ ಇಲ್ಲ. ಹರಿಯುತ್ತಿದ್ದ ದಾರ ಅರೆಕ್ಷಣ ನಿಲ್ಲುತ್ತದೆ, ಅಷ್ಟೇ. ಕಲ್ಲಿಗೆ ತಾಗಿದರೂ ಹಾಗೇ ನಿಲ್ಲುತ್ತದೆ. ಹಾಗಾಗಿ ದಾರ ನಿಂತಾಗಲೆಲ್ಲ ಮಣಿಕಟ್ಟು ಎತ್ತುತ್ತೇನೆ. ಭಾರದ ಫ್ಲೈಯಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಕಂದು ಟ್ರೌಟನ್ನು ನಾನು ಕಲ್ಲು ಅಂದುಕೊಂಡೇ ಎತ್ತಿದ್ದೆ. ಆ ಕಲ್ಲು ಮೆಲ್ಲಗೆ ಸೆಳವಿಗೆ ಎದುರಾಗಿ ನಡೆಯಿತು. ಆಗ ಮೈಯೆಲ್ಲ ಜುಮ್ ಅಂದಿದ್ದು ಇವತ್ತಿಗೂ ನೆನಪಿದೆ.

ಕಲ್ಲಿಗೆ ತಾಗಿ ತಾಗಿ ಹುಕ್ಕಿನ ಮೊನೆ ಮೊಂಡಾಗುತ್ತದೆ. ಆಗಾಗ ಹೆಬ್ಬೆರಳಿನ ಉಗುರಿಗೆ ಒತ್ತಿ ನೋಡಿ. ಜಾರಿದರೆ ಅರ ಹಾಕಿ ಮಸೆಯಬೇಕು. ಮುಳ್ಳಿಲ್ಲದ ಹುಕ್ಕನ್ನೇ ಬಳಸುತ್ತೇನೆ. ಮೀನನ್ನು ಒದ್ದೆ ಕೈಯಲ್ಲಿ, ನೀರಿನೊಳಗೇ ಹಿಡಿದು ಬಿಡಿಸುತ್ತೇನೆ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅವತ್ತು ಎಸೆಯುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ದಣಿದ ಟ್ರೌಟನ್ನು ಬಿಟ್ಟರೂ ಅದು ಉಳಿಯುವುದು ಕಷ್ಟ.

ದೊಡ್ಡ ಜಾತಿಯ ಸ್ಟೋನ್‌ಫ್ಲೈಗಳು, ಉತ್ತರ ಅಮೆರಿಕದ ಪಶ್ಚಿಮದ ಸಾಲ್ಮನ್‌ಫ್ಲೈ ಥರದವು, ಮೂರು ನಾಲ್ಕು ವರ್ಷ ನಿಂಫ್ ಆಗಿಯೇ ನೀರಿನಲ್ಲಿ ಕಳೆಯುತ್ತವೆ. ಅಂದರೆ ಯಾವ ತಿಂಗಳಲ್ಲಿ ಹೋದರೂ ಬೇರೆ ಬೇರೆ ವಯಸ್ಸಿನ ನಿಂಫ್‌ಗಳು ತಳದಲ್ಲಿ ಇದ್ದೇ ಇರುತ್ತವೆ. ಚಳಿಗಾಲದಲ್ಲೂ ಈ ಫ್ಲೈ ಕೈಬಿಡದಿರುವುದು ಅದಕ್ಕೇ. ಆದರೆ ರೆಕ್ಕೆ ಬರುವ ಕಾಲ ಹತ್ತಿರವಾದಾಗ ಬಲಿತ ನಿಂಫ್‌ಗಳು ಹೊಳೆಯ ನಡುವಿನಿಂದ ದಡದ ಕಡೆ ತೆವಳುತ್ತವೆ. ನೀರಿನಿಂದ ಮೇಲೇರಿ, ಬಂಡೆ, ಗಿಡಗಳ ಮೇಲೆ ಕೂತು ಪೊರೆ ಕಳಚುತ್ತವೆ. ಹಿಂದೆಯೇ ಟ್ರೌಟ್ ಕೂಡ ದಡಕ್ಕೆ ಬರುತ್ತವೆ. ಇದು ಗೊತ್ತಾದ ಮೇಲೆ ಆ ಮೊದಲ ವರ್ಷದ ಮೂರು ಮೀನುಗಳು ಮತ್ತೆ ನೆನಪಾದವು. ಅದೂ ವಸಂತವೇ. ಫ್ಲೈ ತಳಕ್ಕೆ ಹೋಗಿದ್ದಷ್ಟೇ ಅಲ್ಲ, ಆ ಹೊತ್ತಿಗೆ ಹುಳಗಳೂ ಅಲ್ಲೇ ಸೇರಿದ್ದವು. ನಾನು ಮಾತ್ರ ದಿನಾ ಆ ನೀರನ್ನು ತುಳಿದುಕೊಂಡು ನಡುಹೊಳೆಗೆ ಹೋಗುತ್ತಿದ್ದೆ. ಈಗ ಬಂಡೆಗಳ ಮೇಲೆ ಒಣಗಿದ ಪೊರೆ ಕಂಡರೆ ನೀರಿಗೆ ಕಾಲಿಡುವುದೇ ಇಲ್ಲ. ದಡದಿಂದ ಎರಡು ಹೆಜ್ಜೆ ಹಿಂದೆ ನಿಂತು, ಕಪ್ಪು ತಲೆಯ ಹಗುರದ ಫ್ಲೈಯನ್ನು ಅಂಚಿನ ಕಲ್ಲುಗಳ ನಡುವೆ ಬಿಡುತ್ತೇನೆ.