ಮೇಲ್‌ಗೆ ಫೈಲ್ ಲಗತ್ತಿಸುವ ಆಪ್ಶನ್: ಬರೀ "-ಎ" ಸಾಕಾಗಲ್ಲ

ಕಮಾಂಡ್ ಟೈಪ್ ಮಾಡಿ ಮೇಲ್ ಕಳಿಸೋಕೆ ಒಂದು ಪುಟ್ಟ ಟೂಲ್ ಬರೀತಿದ್ದೀರಿ, ಅದರ ಜೊತೆ ಫೈಲ್ ಲಗತ್ತಿಸು ಅಂತ ಹೇಳೋಕೆ ಒಂದು ಆಪ್ಶನ್ ಬೇಕು. ಸುಮ್ನೆ "-ಎ" ಇಟ್ಟರಾಯ್ತು ಅನ್ನಿಸುತ್ತೆ ಅಲ್ವಾ? ಸ್ವಲ್ಪ ತಡೆಯಿರಿ.

ಹೀಗೆ ಮೇಲ್ ಕಳಿಸುವ ಟೂಲ್‌ಗಳು ಈಗಾಗಲೇ ಹಲವಿವೆ. ಮಟ್ ಮತ್ತು ಎಸ್-ನೇಲ್‌ನಲ್ಲಿ ಇಂಗ್ಲಿಷ್‌ನ ಚಿಕ್ಕ ಎ ಅಂದರೆ ಫೈಲ್ ಲಗತ್ತಿಸು ಅಂತ. ಗ್ನೂ ಮೇಲ್‌ಯುಟಿಲ್ಸ್‌ನಲ್ಲಿ ಅದೇ ಅಕ್ಷರ ಹೆಡರ್ (ಮೇಲ್‌ನ ತಲೆಭಾಗದ ಮಾಹಿತಿ ಸಾಲು) ಸೇರಿಸುತ್ತದೆ, ಫೈಲ್ ಲಗತ್ತಿಸೋಕೆ ದೊಡ್ಡ ಎ ಬೇಕು. ಡೆಬಿಯನ್‌ನ ಬಿಎಸ್‌ಡಿ ಮೇಲ್‌ಎಕ್ಸ್‌ನಲ್ಲೂ ಚಿಕ್ಕ ಎ ಹೆಡರ್‌ಗೇ. ನಾನೊಮ್ಮೆ ಒಂದು ಸ್ಕ್ರಿಪ್ಟನ್ನು ಹಾಗೇ ಬೇರೆ ಸರ್ವರ್‌ಗೆ ಒಯ್ದೆ. ಮೇಲ್ ದಿನಾ ಹೋಗುತ್ತಿತ್ತು, ವರದಿ ಮಾತ್ರ ಅದರೊಳಗೆ ಇರುತ್ತಿರಲಿಲ್ಲ. ಹಾಗಾಗಿ ಮೊದಲು "--ಅಟ್ಯಾಚ್" ಅಂತ ಪೂರ್ತಿ ಹೆಸರು ಕೊಡಿ, ಸ್ಕ್ರಿಪ್ಟ್‌ಗಳಲ್ಲಿ ಅದನ್ನೇ ಬಳಸಿ ಅಂತ ಹೆಲ್ಪ್‌ನಲ್ಲಿ ಬರೆಯಿರಿ.

ಒಂದು ಆಪ್ಶನ್‌ಗೆ ಒಂದೇ ಫೈಲ್. ಎರಡು ಫೈಲ್ ಇದ್ದರೆ ಎರಡು ಸಲ ಬರೆಯಲಿ, ಏನೂ ನಷ್ಟವಿಲ್ಲ. ಮಟ್‌ನಲ್ಲಿ ಒಂದೇ "-ಎ" ಆದಮೇಲೆ ಎಷ್ಟು ಫೈಲ್ ಬೇಕಾದರೂ ಬರಬಹುದು, ಅದಕ್ಕೇ ವಿಳಾಸದ ಮುಂಚೆ "--" ಹಾಕಬೇಕು; ಮರೆತರೆ ವಿಳಾಸವನ್ನೂ ಫೈಲ್ ಅಂದುಕೊಂಡು ಹುಡುಕುತ್ತದೆ.

ಒಂದೇ ಫೈಲ್ ಅಂದರೂ ಇನ್ನೊಂದು ಗುಂಡಿ ಇದೆ. ಯಾರಾದರೂ "--ಅಟ್ಯಾಚ್ *.ಪಿಡಿಎಫ್" ಅಂತ ಬರೆದರೆ, ಆ ನಕ್ಷತ್ರವನ್ನು ಫೈಲ್ ಹೆಸರುಗಳಾಗಿ ಬಿಡಿಸೋದು ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ), ನಿಮ್ಮ ಟೂಲ್ ಅಲ್ಲ. ಮೊದಲ ಫೈಲ್ ಆಪ್ಶನ್‌ಗೆ ಸೇರುತ್ತದೆ, ಉಳಿದವು ವಿಳಾಸಗಳ ಸಾಲಿನಲ್ಲಿ ಕೂರುತ್ತವೆ. ವಿಳಾಸಕ್ಕೂ "--ಟು" ಅಂತ ಬೇರೆ ಆಪ್ಶನ್ ಇಟ್ಟು, ಯಾವುದಕ್ಕೂ ಸೇರದ ಪದ ಕಂಡರೆ ಎರರ್ ಕೊಟ್ಟು ನಿಲ್ಲಿಸಿಬಿಡಿ.

ಫೈಲ್ ಬದಲು ಬರೀ "-" ಬಂದರೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ, ಅಂದರೆ ಬೇರೆ ಕಮಾಂಡ್ ನೇರವಾಗಿ ಕೊಡುವ ಡೇಟಾದಿಂದ ಓದಿ. ಆದರೆ ಅದಕ್ಕೆ ಹೆಸರಿಲ್ಲ, ಹಾಗಾಗಿ "--ನೇಮ್" ಕಡ್ಡಾಯ ಮಾಡಿ. ಹೆಸರು ಕನ್ನಡದಲ್ಲಿದ್ದರೆ ಆರ್‌ಎಫ್‌ಸಿ 2231 ಅನ್ನೋ ಇಂಟರ್ನೆಟ್ ನಿಯಮಪತ್ರ ಹೇಳಿದ ಹಾಗೆ ಎನ್‌ಕೋಡ್ ಮಾಡಿ, ಇಲ್ಲದಿದ್ದರೆ ಆ ಕಡೆ "ಪಟ್ಟಿ" ಅನ್ನೋ ಹೆಸರು ಹೋಗಿ ಪ್ರಶ್ನೆಚಿಹ್ನೆಗಳು ಕಾಣಬಹುದು.

ಸರ್ವರ್ ಮುಟ್ಟುವ ಮುಂಚೆಯೇ ಎಲ್ಲಾ ಫೈಲ್ ತೆರೆದು ನೋಡಿ. ಒಂದು ಸಿಗದಿದ್ದರೂ ಏನನ್ನೂ ಕಳಿಸಬೇಡಿ. ಗಾತ್ರವನ್ನೂ ಅಲ್ಲೇ ಲೆಕ್ಕ ಹಾಕಿ: ಮೇಲ್‌ನಲ್ಲಿ ಫೈಲನ್ನು ಅಕ್ಷರಗಳಾಗಿ ಬದಲಿಸುವ ಬೇಸ್64 ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರ ಮಾಡುತ್ತದೆ, ಸಾಲು ಮುರಿದದ್ದೂ ಸೇರಿ 20 ಎಂಬಿ ಫೈಲ್ 27 ಎಂಬಿ ದಾಟುತ್ತದೆ. ಅದು ಸರ್ವರ್‌ನ ಮಿತಿ ದಾಟಿದರೆ ಮೇಲ್ ಹೋಗಲ್ಲ.

ಎಡವಟ್ಟಾದರೆ ಎಕ್ಸಿಟ್ ಕೋಡ್ (ಟೂಲ್ ಮುಗಿದಾಗ ಕೊಡುವ ಸಂಖ್ಯೆ) ಸೊನ್ನೆ ಕೊಡಬೇಡಿ, ಸೊನ್ನೆ ಅಂದರೆ ಎಲ್ಲಾ ಸರಿಯಾಯ್ತು ಅಂತ. ರಾತ್ರಿ ಎರಡಕ್ಕೆ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ನಡೆಸುವ ಪ್ರೋಗ್ರಾಂ) ಓಡಿಸುವಾಗ ಪರದೆ ಮೇಲಿನ ಎರರ್ ಓದೋಕೆ ಯಾರೂ ಎದ್ದಿರಲ್ಲ.